ಉಳಿದ ಒಂದೆಕರೆ

ನಮ್ಮೂರಿಗೆ ಹುಲ್ಲಿನ ಕಾವಲು ಮರಳಿದ ಅರವತ್ತೊಂದನೆಯ ವರ್ಷ, ಹುಬ್ಬೆ ಮಳೆಯ ನಡುವೆ. ನಿಮ್ಮ ಲೆಕ್ಕದಲ್ಲಿ ೨೧೯೮.

ಕಾಟಮ್ಮಜ್ಜಿಗೆ, ನಿನ್ನ ಮರಿಮಗಳ ಮರಿಮಗಳು ಓಬಳಮ್ಮ ಮಾಡುವ ನಮಸ್ಕಾರ.

ನಿನಗೀಗ ಮೂವತ್ತು, ನನಗೆ ಎಪ್ಪತ್ತು. ಆದರೂ ಅಜ್ಜಿ ನೀನೇ, ಏನು ಮಾಡೋಣ. ಇಷ್ಟು ವರ್ಷದಲ್ಲಿ ಮಾತೂ ಒಂದಿಷ್ಟು ಹೊರಳಿದೆ. ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊ.

ಜೇನು ಚಿಟ್ಟೆ ಬರಲೆಂದು ನೀನು ಕಾಡುಹೂವು ಬಿತ್ತಿದ ಎರಡೆಕರೆಯಲ್ಲಿ ಒಂದೆಕರೆಯನ್ನು ನಿನ್ನ ಗಂಡ ಪಾಲಜ್ಜ ನಿನ್ನೆ ಟ್ರಾಕ್ಟರ್ ತರಿಸಿ ಉತ್ತುಬಿಟ್ಟ. ಎರಡು ಮಳೆಗಾಲ ಕಳೆದರೂ ನೆಟ್ಟಗೆ ಹೂವಿಲ್ಲ, ಊರವರು ನಗುತ್ತಾರೆ ಅಂದ. ಉಳಿದದ್ದನ್ನೂ ನಾಳೆ ಉತ್ತುಕೊಳ್ಳಲಿ ಬಿಡು ಅಂತ ನೀನು ಕೈಚೆಲ್ಲಿ ಕೂತಿದ್ದೆಯಂತೆ. ನಮ್ಮ ಮನೆಯಲ್ಲಿ ಈ ಸಂಗತಿ ಬಾಯಿಂದ ಬಾಯಿಗೆ ಬಂದಿದೆ. ಮರುದಿನ ನಿನಗೆ ಎಲ್ಲಿಂದ ಧೈರ್ಯ ಬಂತು ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಈ ಕಾಗದದಿಂದಲೇ ಬಂದಿದ್ದರೆ, ನಾನು ಬರೆಯದೆ ಹೋದರೆ ಏನು ಗತಿ ಅಂತ ಹೆದರಿ ಬರೆಯುತ್ತಿದ್ದೇನೆ.

ತಪ್ಪು ಬೀಜದ್ದಲ್ಲ. ಮೊದಲ ವರ್ಷ ಹೆಂಗಸರನ್ನು ಕರೆಸಿ ಕಳೆ ತೆಗೆಸಿದೆಯಲ್ಲ, ಅಲ್ಲೇ ಎಡವಟ್ಟಾದದ್ದು. ಶೇಂಗಾ ಹೊಲದಲ್ಲಿ ಪಳಗಿದ ಕೈಗಳು ಅವು. ತುಂಬೆ, ವಿಷ್ಣುಕ್ರಾಂತಿ ಕಂಡರೆ ಕಿತ್ತೇ ಬಿಸಾಡುತ್ತವೆ. ಪಾಪ, ಹುಟ್ಟಿದಾಗಿನಿಂದ ಅವನ್ನು ಕಳೆ ಅಂತಲೇ ಕೇಳಿದವರು. ಇನ್ನು ಮೇಲೆ ಕೀಳಿಸಬೇಡ. ಎತ್ತರ ಬೆಳೆದದ್ದನ್ನು ಮೊಣಕಾಲುದ್ದಕ್ಕೆ ಸವರಿಸು, ಕೆಳಗಿನ ಸಸಿಗೆ ಬಿಸಿಲು ಬೀಳಲಿ. ಗೊಬ್ಬರವಂತೂ ಬೇಡವೇ ಬೇಡ. ಅದನ್ನು ತಿಂದು ಕೊಬ್ಬುವುದು ಪಾರ್ಥೇನಿಯಂ. ನಿನ್ನ ಹೂಗಿಡಗಳು ಮೊದಲು ಬೇರು ಇಳಿಸುತ್ತವೆ, ಹೂವಿನ ಮಾತು ಆಮೇಲೆ. ಅಲ್ಲಲ್ಲಿ ಬೋಳಾಗಿರುವ ನೆಲವನ್ನು ಹಾಗೇ ಬಿಡು. ಹಿಂಡು ಕಟ್ಟದೆ ಬಾಳುವ ಜೇನುಗಳಿವೆ, ನಾವು ಒಂಟಿಜೇನು ಅನ್ನುತ್ತೇವೆ. ಅವು ಅಲ್ಲೇ ಮಣ್ಣು ಕೊರೆದು ಮೊಟ್ಟೆ ಇಡುತ್ತವೆ.

ನಮ್ಮ ಕಾಲದಲ್ಲಿ ಜೇನು ಅಳಿದುಹೋದ ದೂರದ ಊರಿನವರಿಗೆ ಬೆಳಗೆದ್ದರೆ ‘ಕುಂಚಗೆಲಸ’. ಗಂಡುಹೂವಿನ ಪುಡಿಯನ್ನು ಕುಂಚದಲ್ಲಿ ತೆಗೆದು ಹೆಣ್ಣುಹೂವಿಗೆ ಸವರಬೇಕು, ಇಲ್ಲದಿದ್ದರೆ ಕುಂಬಳ ಕಾಯಿ ಕಚ್ಚುವುದಿಲ್ಲ. ನಮ್ಮೂರಿಗೆ ಆ ತಾಪತ್ರಯವಿಲ್ಲ. ಆ ಹೊತ್ತಿನಲ್ಲಿ ನಾವು ಕಾಫಿ ಕುಡಿಯುತ್ತ ಹರಟೆ ಹೊಡೆಯುತ್ತೇವೆ, ಎಲ್ಲ ನಿನ್ನ ಪುಣ್ಯ. ಈ ಕಾವಲಿನ ಹುಲ್ಲುಗಾವಲಿಗೆಲ್ಲ ಬೀಜ ಬಂದದ್ದು ಉಳಿದ ಆ ಒಂದೆಕರೆಯಿಂದ. ಬೀಜ ಉದುರಿದ ಮೇಲೆ ವರ್ಷಕ್ಕೆ ಮೂರನೇ ಒಂದು ಭಾಗವನ್ನಷ್ಟೇ ಕೊಯ್ಯುತ್ತೇವೆ. ಮಿಕ್ಕಿದ್ದು ‘ಹೂಪಾಲು’, ಜೇನು ಚಿಟ್ಟೆಗಳ ಪಾಲು. ಹೂಪಾಲಿಗೆ ಕುಡುಗೋಲು ಹಾಕಿದವರ ಮನೆಯೊಳಗೆ ಒಂದು ವರ್ಷ ಹೊರಗಿನವರು ಯಾರೂ ಉಣ್ಣುವುದಿಲ್ಲ. ಹೋದ ವರ್ಷ ನನ್ನ ಅಳಿಯನೇ ಸಿಕ್ಕಿಬಿದ್ದ. ಮೊಮ್ಮಗಳ ಹುಟ್ಟುಹಬ್ಬದ ಹೋಳಿಗೆಯನ್ನು ನಾನು ಹೊಸ್ತಿಲಾಚೆ ನಿಂತೇ ತಿಂದೆ. ನಿಯಮ ನಿಯಮವೇ, ಹೋಳಿಗೆ ಬಿಡುವುದಕ್ಕಾಗುತ್ತದೆಯೇ.

ಅಜ್ಜಿ, ಹೋದ ಒಂದೆಕರೆಗೆ ಅತ್ತುಬಿಡು. ನನಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ನಾಳೆ ಪಾಲಜ್ಜನ ಜೊತೆ ಜಗಳಕ್ಕೆ ನಿಲ್ಲಬೇಡ. ಅವನು ಕೆಟ್ಟವನಲ್ಲ, ಊರ ಬಾಯಿಗೆ ಹೆದರಿದವನು. ಟ್ರಾಕ್ಟರ್ ಸದ್ದು ಕೇಳಿದ ಕೂಡಲೇ ಕೂಸನ್ನು ಎತ್ತಿಕೊಂಡು ಹೋಗಿ ಹೊಲದ ನಡುವೆ ಕೂತುಬಿಡು. ತಾಯಿ ಮಗು ಇಬ್ಬರೇ ಇದ್ದಾರೆ ಅಂತ ಅವನು ಅಂದುಕೊಳ್ಳಲಿ. ನಿನ್ನ ಮಡಿಲಲ್ಲಿ ನಾವೆಲ್ಲ ಇರುತ್ತೇವೆ.

ನಿನ್ನ
ಓಬಳಮ್ಮ