ಅಣ್ಣನ ತಗಡಿನ ರೈಲುಗಳು

ಫೆಬ್ರವರಿ ೯, ಭಾನುವಾರ

ಪ್ರೀತಿಯ ಗುಬ್ಬಿ,

ನೀನು, ಅಳಿಯಂದಿರು, ನಮ್ಮ ಇಲಿಮರಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲಿಮರಿಯ ಕೆಮ್ಮು ಹೋಯಿತೇ? ಮಲಗುವಾಗ ಕಾಲಿಗೆ ಸಾಕ್ಸ್ ಹಾಕು, ಕಿತ್ತೆಸೆದರೂ ಮತ್ತೆ ಹಾಕು. ಬರೆಯುತ್ತೇನೆಂದು ಹೇಳಿ ಇಷ್ಟು ದಿನ ಸುಮ್ಮನಿದ್ದುಬಿಟ್ಟೆ, ಬೈಯಬೇಡ. "ಕೇಳಿದ್ಯಾ ಅಮ್ಮ? ಕೊಟ್ರಾ ಮಾವ?" ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಸಿಗ್ನಲ್ ಸರಿಯಿಲ್ಲವೆಂದು ಇಟ್ಟುಬಿಟ್ಟವಳು ನಾನು. ಸಿಗ್ನಲ್ ಚೆನ್ನಾಗಿಯೇ ಇತ್ತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಕಾಗದದಲ್ಲಿ ನನ್ನನ್ನು ತಡೆಯುವವರಿಲ್ಲ.

ಅಣ್ಣ ತನ್ನ ರೈಲುಗಳನ್ನೆಲ್ಲ ಆಟಿಕೆಗಳ ಸಂಗ್ರಹಾಲಯಕ್ಕೆ ಕೊಡುತ್ತಾನೆ ಎಂದು ತಿಳಿದ ದಿನವೇ ನಾನು ನಿನಗೆ ಮಾತು ಕೊಟ್ಟಿದ್ದೆನಲ್ಲ, ಆ ಪುಟ್ಟ ಕೆಂಪು ಇಂಜಿನ್ ಒಂದನ್ನು ಇಲಿಮರಿಗೆಂದು ಕೇಳಿ ತರುತ್ತೇನೆ ಅಂತ. ಉಳಿದ ದೊಡ್ಡ ದೊಡ್ಡ ಇಂಜಿನ್ನುಗಳು ನಮಗೇಕೆ? ಅದೊಂದು ಸಿಕ್ಕರೆ ಸಾಕಿತ್ತು. ಹೋಗಿದ್ದೆ, ಕೇಳಿಯೂ ಕೇಳಿದೆ. ಏನಾಯಿತೆಂದು ಮೊದಲಿಂದ ಹೇಳುತ್ತೇನೆ, ಕೊನೆಯ ಪುಟಕ್ಕೆ ಹಾರಬೇಡ.

ಅವತ್ತು ಅಣ್ಣ ಎಲ್ಲ ರೈಲುಗಳನ್ನೂ ಕೊನೆಯ ಸಲ ಓಡಿಸುವುದೆಂದು ಗೊತ್ತುಮಾಡಿಕೊಂಡಿದ್ದ. ನಾನು ಹೋದಾಗ ಬಾಗಿಲು ಅರ್ಧವೇ ತೆರೆಯಿತು. ಹಿಂದೆ ಹಳಿ. ನಡುಮನೆಯಿಂದ ಹೊರಟ ಹಳಿ ಊಟದ ಮೇಜಿನ ಕೆಳಗೆ ನುಗ್ಗಿ, ಮಲಗುವ ಕೋಣೆಯ ಮಂಚದಡಿ ಸುತ್ತಿ, ಬೀರುವಿನ ಪಕ್ಕದಿಂದ ವಾಪಸು ಬರುತ್ತಿತ್ತು. ಅತ್ತಿಗೆ ಟ್ರೇ ಹಿಡಿದುಕೊಂಡು ಹಳಿ ದಾಟುತ್ತ, "ಬಾ, ಕಾಲು ನೋಡಿ ಇಡು. ಈ ಮನೇಲಿ ಗಂಡ ಹೆಂಡ್ತಿ ಜಗಳ ಆದ್ರೂ ಗಾಡಿ ಹೋದ್ಮೇಲೇ ಆಗ್ಬೇಕು" ಎಂದರು. ಅವರು ಹೀಗೆ ಗೊಣಗುವುದೇ ಹೊರತು, ಹಳಿಯ ತುಂಡುಗಳನ್ನು ಒಂದಕ್ಕೊಂದು ಸೇರಿಸುವ ಸಣ್ಣ ಪಿನ್ನುಗಳನ್ನು ತಮ್ಮ ಗುಂಡಿಗಳ ಡಬ್ಬಿಯಲ್ಲಿ ಜೋಪಾನವಾಗಿಟ್ಟವರೂ ಅವರೇ.

ಸಂಗ್ರಹಾಲಯದಿಂದ ಒಬ್ಬ ಮೇಡಂ ಬಂದಿದ್ದರು. ಬಲು ಮರ್ಯಾದಸ್ಥ ಹೆಂಗಸು. ಬಿಳಿ ಕೈಗವಸು ಹಾಕಿಕೊಂಡು ಒಂದೊಂದೇ ರೈಲುಡಬ್ಬಿಯನ್ನು ಎತ್ತಿ ನೋಡುತ್ತಿದ್ದರು. ಅಣ್ಣ ನೆಲದ ಮೇಲೆ ದಿಂಬು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಹಲ್ಲು ನೋಡುವ ಅವನ ಹಳೆಯ ಸಲಕರಣೆಗಳು. ಕ್ಲಿನಿಕ್ ಮುಚ್ಚಿದ ಮೇಲೆ ಕುರ್ಚಿ ಮಾರಿದ, ದೀಪ ಮಾರಿದ, ಆ ಪುಟಾಣಿ ಕನ್ನಡಿಯನ್ನೂ ಕೊಕ್ಕೆಯನ್ನೂ ಮಾತ್ರ ಇಟ್ಟುಕೊಂಡ. ತಗಡಿನ ಇಂಜಿನ್ನಿನ ಎರಡು ಭಾಗಗಳನ್ನು ಹಿಡಿದಿಡುವುದು ಮಡಚಿದ ಸಣ್ಣ ನಾಲಿಗೆಗಳು. ಅವನ್ನು ಎರಡು ಮೂರು ಸಲ ಬಿಚ್ಚಿ ಮಡಚಿದರೆ ಮುರಿದೇ ಹೋಗುತ್ತವೆ. ಅದಕ್ಕೇ ಅಣ್ಣ ಇಂಜಿನ್ನುಗಳನ್ನು ಬಿಚ್ಚುವುದೇ ಇಲ್ಲ. ಚಕ್ರದ ಸಂದಿಯಿಂದ ಕನ್ನಡಿ ತೂರಿಸಿ, ಒಳಗಿನ ಸ್ಪ್ರಿಂಗನ್ನು ರೋಗಿಯ ದವಡೆಯ ಹಾಗೆ ನೋಡಿ, ಸೂಜಿಯ ತುದಿಯಿಂದ ಒಂದು ಹನಿ ಹೊಲಿಗೆ ಮಷಿನ್ನಿನ ಎಣ್ಣೆ ಬಿಡುತ್ತಾನೆ. "ಬಾಯಿ ಬಿಡು" ಎಂದು ಇಂಜಿನ್ನಿಗೂ ಹೇಳುತ್ತಾನೆ, ನಾನೇ ಕೇಳಿದ್ದೇನೆ.

ಆ ಮೇಡಂ ಒಂದು ಹಸಿರು ಇಂಜಿನ್ನಿಗೆ ಕೀಲಿ ಕೊಟ್ಟು, ಅದೊಂದನ್ನೇ ಹಳಿಯ ಮೇಲಿಡಲು ಹೋದರು. ಅಣ್ಣ ಗಾಬರಿಯಾಗಿ ಎರಡೂ ಕೈ ಅಡ್ಡ ಹಿಡಿದ.

"ಬೇಡ ಬೇಡ, ಹಿಂದೆ ಡಬ್ಬಿ ಕಟ್ಟಿ. ಹೊರೆ ಇಲ್ದೆ ಬಿಟ್ರೆ ಹುಚ್ಚು ಕುದುರೆ ಥರ ಓಡುತ್ತೆ, ತಿರುವಲ್ಲಿ ಮಗುಚಿಕೊಳ್ಳುತ್ತೆ. ಇವಕ್ಕೆ ಎಳೆಯೋಕೆ ಏನಾದ್ರೂ ಇದ್ರೇನೇ ನೆಟ್ಟಗೆ ಹೋಗೋದು."

"ಮತ್ತೆ ಈ ಕೈಗವಸು?" ಎಂದರು ಅವರು.

"ಅದನ್ನೂ ತೆಗೀರಿ. ಸ್ಪ್ರಿಂಗು ಸಾಕು ಅಂದಿದ್ದು ಬೆರಳಿಗೆ ಕೇಳಿಸ್ಬೇಕಲ್ಲ."

ಅವರು ನಗುತ್ತ ಕೈಗವಸು ಕಳಚಿಟ್ಟರು. ಅಲ್ಲಿಂದ ಮುಂದೆ ಅವರೂ ನೆಲದ ಮೇಲೇ. ಗುಬ್ಬಿ, ನಿನ್ನ ಮಾವನ ಗುಣವೇ ಅದು. ಎಂಥವರನ್ನೂ ನೆಲಕ್ಕೆ ಕೂರಿಸಿಬಿಡುತ್ತಾನೆ. ನೀನು ಚಿಕ್ಕವಳಿದ್ದಾಗ ಹಲ್ಲು ಕೀಳಿಸಿಕೊಳ್ಳಲು ಹೋಗಿ, ಕಿತ್ತದ್ದೇ ಗೊತ್ತಾಗದೆ ರೈಲು ನೋಡುತ್ತಿದ್ದೆಯಲ್ಲ, ನೆನಪಿದೆಯಾ? ಕ್ಲಿನಿಕ್ಕಿನಲ್ಲಿ ಕುರ್ಚಿಯ ಸುತ್ತ ಗೋಡೆಗೆ ಹಲಗೆ ಹೊಡೆಸಿ ಹಳಿ ಹಾಸಿದ್ದ. ಊರಿನ ಅರ್ಧ ಜನ ಅವನ ರೈಲು ನೋಡುತ್ತ ಬಾಯಿ ತೆರೆದವರು. ಬೇರೆಯವರು ಇಂಥವನ್ನು ತಂದು ಗಾಜಿನೊಳಗಿಟ್ಟು ಬೀಗ ಹಾಕುತ್ತಾರೆ. ಅಣ್ಣ ಒಂದನ್ನೂ ಓಡಿಸದೆ ಇಟ್ಟವನಲ್ಲ. ಬಣ್ಣ ಹೋದ ಕಡೆ ಹೊಸ ಬಣ್ಣ ಬಳಿದವನೂ ಅಲ್ಲ. "ಯಾವುದೋ ಮಗು ಕೆಡವಿದ ಗುರುತು ಅದು, ನಾನ್ಯಾರು ಅಳಿಸೋಕೆ?" ಎನ್ನುತ್ತಾನೆ.

ಈಗ ಯಾಕೆ ಕೊಡುತ್ತಿದ್ದಾನೆ ಎಂದು ನೀನು ಕೇಳಿದ್ದೆ. ಕೈ ನಡುಗುತ್ತಿದೆ ಗುಬ್ಬಿ. ಚಕ್ರವನ್ನು ಹಳಿಗೆ ಕೂರಿಸುವುದಕ್ಕೆ ಅವನಿಗೆ ನಾಲ್ಕಾರು ಸಲ ಬೇಕಾಗುತ್ತದೆ. ನಾವು ನೋಡದ ಹಾಗೆ ಬೇರೆ ಕಡೆ ಮುಖ ಮಾಡಿಕೊಂಡೆವು. ಆದರೆ ಕೂರಿಸಿ, ಚಕ್ರ ಹಿಡಿದಿಡುವ ತಡೆಗೋಲು ಬಿಟ್ಟನೋ, ಆಹಾ, ಆ ಸದ್ದು. ಗಿರಗಿರ ಎಂದು ಮೇಜಿನಡಿ ಹೋಗಿ, ಕೋಣೆಯಲ್ಲಿ ಸಣ್ಣಗಾಗಿ, ಮಂಚದ ಕೆಳಗೆ ಮೆತ್ತಗಾಗಿ, ಮತ್ತೆ ದೊಡ್ಡದಾಗುತ್ತ ನಮ್ಮ ಕಡೆಗೇ ಬರುವುದು. ಡಬ್ಬಿಗಳ ಕಿಟಕಿಗಳಲ್ಲಿ ಅಚ್ಚು ಹಾಕಿದ ಮುಖಗಳಿವೆಯಲ್ಲ, ಟೋಪಿಯ ಹೆಂಗಸು, ಪೇಪರ್ ಓದುವ ಗಂಡಸು. ಅತ್ತಿಗೆ ಆ ಗಂಡಸನ್ನು ತೋರಿಸಿ, "ನಾನು ಈ ಮನೆಗೆ ಬಂದಾಗಿಂದ ಇವನು ಅದೇ ಪುಟ ಓದ್ತಿದಾನೆ, ಏನು ಅಂಥ ಸುದ್ದಿಯೋ" ಎಂದರು. ನಕ್ಕೂ ನಕ್ಕೂ ಅಣ್ಣನಿಗೆ ಕೆಮ್ಮು ಬಂತು.

ನಾನು ಮಾತ್ರ ಕೆಂಪು ಇಂಜಿನ್ನಿನ ಕಡೆಗೇ ನೋಡುತ್ತಿದ್ದೆ. ಅದನ್ನು ಕೊನೆಗೆಂದು ಇಟ್ಟಿದ್ದ. ಅವುಗಳಲ್ಲೆಲ್ಲ ಚಿಕ್ಕದು, ಅಗ್ಗದ್ದು ಕೂಡ. ಚಿಮಣಿ ಸೊಟ್ಟಗಾಗಿದೆ. ಬಸ್ಸಿನಲ್ಲಿ ಬರುವಾಗ ಹೇಗೆ ಕೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಟೀ ಕುಡಿದಾದ ಮೇಲೆ ಹೇಗೋ ಧೈರ್ಯ ಮಾಡಿದೆ.

"ಅಣ್ಣ, ಎಲ್ಲಾ ಕೊಟ್ಬಿಡ್ತೀಯಲ್ಲ, ನಮ್ಮ ಇಲಿಮರಿಗೆ ಅಂತ ಆ ಕೆಂಪು…"

ಅವನು ಪೂರ್ತಿ ಕೇಳಲೇ ಇಲ್ಲ. ಮುಖ ಅರಳಿತು. "ನೀನು ಕೇಳ್ತೀಯ ಅಂತ ನಂಗೊತ್ತಿತ್ತು ಕಣೇ. ಅದನ್ನ ಮಗು ಕೈಗೆ ಕೊಡೋ ಹಾಗಿಲ್ಲ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತೆ, ಬಾಯಿಗೆ ಇಟ್ಕೊಂಡ್ರೆ ವಿಷ. ಹಲ್ಲು ಬರೋ ವಯಸ್ಸು ಬೇರೆ. ಇರು."

ಎದ್ದು ಒಳಗೆ ಹೋದ. ಬರುವಾಗ ಕೈಯಲ್ಲಿ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಹೊಚ್ಚಹೊಸ ಇಂಜಿನ್ನು, ಎರಡು ಡಬ್ಬಿ. ಅಂಗಡಿಯದಲ್ಲ ಗುಬ್ಬಿ, ಅವನೇ ಮಾಡಿದ್ದು. ಬಿಸ್ಕತ್ತಿನ ಡಬ್ಬಿಗಳನ್ನು ಕತ್ತರಿಸಿ, ಅಂಚುಗಳನ್ನೆಲ್ಲ ಒಳಕ್ಕೆ ಮಡಚಿ, ಮಗುವಿನ ಬೆರಳು ಕೊಯ್ಯದ ಹಾಗೆ ಉಜ್ಜಿ ನುಣುಪು ಮಾಡಿದ್ದಾನೆ. ಮಕ್ಕಳು ನೆಕ್ಕಿದರೂ ಏನೂ ಆಗದ ಬಣ್ಣವನ್ನು ಎಲ್ಲೆಲ್ಲೋ ವಿಚಾರಿಸಿ ತರಿಸಿದ್ದಾನೆ. ಡಬ್ಬಿಯ ಕಿಟಕಿಗಳಲ್ಲಿ ನೀನಿದ್ದೀಯ, ಅಳಿಯಂದಿರಿದ್ದಾರೆ, ಕನ್ನಡಕ ಹಾಕಿಕೊಂಡು ನಾನಿದ್ದೇನೆ. ಇಂಜಿನ್ನಿನ ಕಿಟಕಿಯಲ್ಲಿ ಇಲಿಮರಿ. ಪಕ್ಕದಲ್ಲಿ ಎಳೆದ ಹಳದಿ ಗೆರೆ ಮಾತ್ರ ಅಲ್ಲಲ್ಲಿ ಅಲುಗಾಡಿದೆ. ಅತ್ತಿಗೆ ಮೆಲ್ಲಗೆ, "ಬೇಸಗೆಯಿಂದ ಕೂತಿದ್ರು. ಕೈ ನಿಂತಾಗ ಒಂದು ಗೆರೆ, ನಡುಗಿದಾಗ ಸುಮ್ನೆ ಕಾಯೋದು" ಎಂದರು.

ಇಷ್ಟಾದ ಮೇಲೆ ನನ್ನ ಕಣ್ಣಲ್ಲಿ ನೀರು ಬಂತು. ಅಣ್ಣ ಅದನ್ನು ಸಂತೋಷದ್ದೆಂದುಕೊಂಡ. ಬಹುಪಾಲು ಸಂತೋಷವೇ. ಇಂಥ ಮನುಷ್ಯನ ಬೆನ್ನಿಗೆ ಹುಟ್ಟಿದ್ದೇನೆಂದು ಹೆಮ್ಮೆಯಾಯಿತು, ಸುಳ್ಳಲ್ಲ.

ಆಮೇಲೆ ಬರೆಯುವ ಕೆಲಸ ಹಚ್ಚಿದರು. ಗಾಜಿನ ಕಪಾಟಿನಲ್ಲಿ ಪ್ರತಿಯೊಂದು ರೈಲಿನ ಮುಂದೆಯೂ ಒಂದು ಕಾರ್ಡು ಇಡುತ್ತಾರಂತೆ. ಮೇಡಂ ಕಂಪ್ಯೂಟರಿನಲ್ಲಿ ಅಚ್ಚು ಮಾಡಿಸುತ್ತೇನೆಂದರು. ಅಣ್ಣ ಒಪ್ಪಲಿಲ್ಲ. "ನಮ್ಮ ತಂಗಿ ನಕ್ಷೆ ಕಚೇರಿಯಲ್ಲಿ ಕೆಲಸ ಮಾಡಿದೋಳು. ಊರುಗಳ ಹೆಸರು, ನದಿಗಳ ಹೆಸರು ಎಲ್ಲ ಇವಳದೇ ಅಕ್ಷರ. ಇವಳು ಬರೆದ್ರೆ ಅಚ್ಚು ನಾಚ್ಕೋಬೇಕು" ಎಂದು ನನ್ನನ್ನು ಮೇಜಿಗೆ ಕೂರಿಸಿದ. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಕೆಂಪು ಇಂಜಿನ್ನಿನ ಸರದಿ ಬಂದಾಗ, "ಹೀಗೆ ಬರಿ: ಈ ಸಂಗ್ರಹದ ಮೊದಲ ರೈಲು, ಬಾಲ್ಯದಲ್ಲಿ ತಂದೆ ನನಗೆ ಕೊಡಿಸಿದ್ದು" ಎಂದ. ಬರೆದೆ. ಎಲ್ಲ ಕಾರ್ಡುಗಳಿಗಿಂತ ಅದೇ ಅಚ್ಚುಕಟ್ಟಾಗಿ ಬಂತೆಂದು ಮೇಡಂ ಹೊಗಳಿದರು.

ಕೊನೆಗೆ ಅದನ್ನು ಓಡಿಸಿದರು. ಅತ್ತಿಗೆ ಒಂದು ಸಲ ಕೀಲಿ ಕೊಟ್ಟರು, ಮೇಡಂ ಒಂದು ಸಲ. ಅವರು ಕೀಲಿಯನ್ನು ನನ್ನ ಕಡೆ ಚಾಚಿದಾಗ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದಲೇ ಹೇಳಿದ, "ಇವಳು ಚಿಕ್ಕಂದಿನಿಂದ ನೋಡೋಳು, ಓಡಿಸೋಳಲ್ಲ. ನೋಡೋದ್ರಲ್ಲಿ ಇವಳಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವನೇ ಕೀಲಿ ಕೊಟ್ಟು ಬಿಟ್ಟ. ಅದು ಒಂದು ಸುತ್ತು ಮುಗಿಸಿ ಮಂಚದ ಕೆಳಗೆ ನಿಂತುಹೋಯಿತು. ಮಂಡಿಯೂರಿ ಅದನ್ನು ಎಳೆದುಕೊಂಡು, ಅಂಗಿಯ ತುದಿಯಿಂದ ಒರೆಸಿ, ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿದ. ಮುಚ್ಚಳ ಹಾಕಿದ್ದು ಅತ್ತಿಗೆ. ಅವನಿಗೆ ಆಗಲಿಲ್ಲ.

ಮಾರನೆಯ ದಿನ ವ್ಯಾನು ಬಂದು ಎಲ್ಲವನ್ನೂ ತೆಗೆದುಕೊಂಡು ಹೋಯಿತಂತೆ. ಅತ್ತಿಗೆಗೆ ಫೋನು ಮಾಡಿದರೆ, "ಮನೆ ತುಂಬಾ ಅಗಲ ಆಗ್ಬಿಟ್ಟಿದೆ, ಈಗ್ಲೂ ಕಾಲು ಎತ್ತೆತ್ತಿ ಇಡ್ತೀನಿ" ಎಂದರು. ನೀನೊಮ್ಮೆ ಮಾವನಿಗೆ ಫೋನು ಮಾಡು. ಬೇರೇನೂ ಬೇಡ, ಇಲಿಮರಿಯ ಕೈಯಲ್ಲಿ ಎರಡು ಮಾತಾಡಿಸು.

ಹೊಸ ರೈಲನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದೇನೆ. ಆ ಕಡೆ ಬರುವವರು ಸಿಕ್ಕರೆ ಈ ಕಾಗದದ ಜೊತೆಯಲ್ಲೇ ಕಳಿಸುತ್ತೇನೆ. ನಿನ್ನ ಸಂಸಾರ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ನಗುನಗುತ್ತಾ ಇರಲಿ. ಇಲಿಮರಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಎಡಗೆನ್ನೆಗೆ ಇನ್ನೊಂದು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಆ ಕೆಂಪು ಇಂಜಿನ್ ಅಪ್ಪ ನನಗೆ ಕೊಡಿಸಿದ್ದು ಗುಬ್ಬಿ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಕಾಲು ಮುರಿದುಕೊಂಡು ನಾನು ಮಂಚ ಹಿಡಿದಿದ್ದೆ. ಅಪ್ಪ ಕೆಲಸದಿಂದ ಬಂದವರೇ ಪೊಟ್ಟಣವನ್ನು ನನ್ನ ಮಡಿಲಲ್ಲಿಟ್ಟು "ಇದು ನಿಂಗೆ ಕಣಮ್ಮ" ಎಂದರು. ನನಗೆ ಕೆಳಗಿಳಿಯುವ ಹಾಗಿರಲಿಲ್ಲ. ಅಣ್ಣನೇ ನೆಲದ ಮೇಲೆ ಹಳಿ ಹಾಸಿ, ನನಗೆ ಬೇಜಾರಾಗದಿರಲೆಂದು ಓಡಿಸಿ ತೋರಿಸುತ್ತಿದ್ದ. ಆಡಲು ಹೊರಗೆ ಕರೆದರೂ ನನ್ನನ್ನು ಬಿಟ್ಟು ಹೋಗುತ್ತಿರಲಿಲ್ಲ. ನಾನು ಎದ್ದು ನಡೆದಾಡುವ ಹೊತ್ತಿಗೆ ಅದು ಅವನದಾಗಿತ್ತು. ಕೇಳಿದ್ದಕ್ಕೆ ಅಮ್ಮ, "ಹೋಗ್ಲಿ ಬಿಡು, ಅವನಿಗೆ ಅದ್ರ ಮೇಲೆ ಜೀವ, ನೀನು ರೈಲು ಇಟ್ಕೊಂಡು ಏನ್ಮಾಡ್ತೀಯಾ" ಎಂದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅಣ್ಣ ಕಸಿದುಕೊಂಡಿದ್ದರೆ ಜಗಳವಾದರೂ ಆಡುತ್ತಿದ್ದೆ. ಅವನಿಗೆ ನಿಜವಾಗಿಯೂ ನೆನಪಿಲ್ಲ. ಅಪ್ಪ ತನಗೇ ಕೊಡಿಸಿದರೆಂದು ಮನಸ್ಸಾರೆ ನಂಬಿದ್ದಾನೆ. ಆ ನಂಬಿಕೆಯ ಮೇಲೆ ಅವನು ಕಟ್ಟಿದ್ದೆಲ್ಲ ಎಷ್ಟು ಚೆನ್ನಾಗಿದೆಯೆಂದರೆ, ಈಗ ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಕೇಳಲು ಹೋದದ್ದು ಇಲಿಮರಿಗಲ್ಲ, ನನಗೆ. ನೀನೂ ಅವನಿಗೆ ಹೇಳಬೇಡ. ಇಲಿಮರಿಗೆ ಈ ಹೊಸ ರೈಲು ಕೊಡುವಾಗ ಮಾತ್ರ ಮನೆಯವರನ್ನೆಲ್ಲ ಕರೆದು, ಎಲ್ಲರೂ ಕೇಳುವ ಹಾಗೆ, ಇದು ಇವಳದು ಎಂದು ಗಟ್ಟಿಯಾಗಿ ಹೇಳಿ ಕೊಡು.