ಸಂಪೂರ್ಣ ವಿಶ್ವಾಸ

ಬೆಲ್ ಫೋರ್ಕ್, ಅಲಬಾಮಾ
ಗುರುವಾರ, ನವೆಂಬರ್ ೧೦, ೧೯೯೪

ಮುದ್ದು ಗ್ರೇಡಿ,

ಹೇಗಿದ್ದೀಯಪ್ಪಾ? ಕೊರಿನ್‌ಗೆ ವಾಂತಿ ನಿಂತಿತೇ? ಈ ತಿಂಗಳಲ್ಲಿ ಮಡಕೆ ಮಾಡುವ ಜೇಡಿಮಣ್ಣಿನ ಮೂಟೆ ಎತ್ತಬೇಡವೆಂದು ಅವಳಿಗೆ ಹೇಳು; ಅತ್ತೆ ಹೇಳಿದರು ಅನ್ನಬೇಡ, ನಿನ್ನ ಮಾತೇ ಎಂಬಂತೆ ಹೇಳು. ನಾನು ಗಟ್ಟಿಯಾಗಿದ್ದೇನೆ. ನಿಮ್ಮಪ್ಪನ ಮೊಣಕಾಲು ಮೈದಾನದಲ್ಲಿ ನೆಟ್ಟಗಿರುತ್ತದೆ, ಕಸದ ಡಬ್ಬಿ ಹೊರಗಿಡುವಾಗ ಮಾತ್ರ ನೋಯುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವರು ಫೋನಿನ ಪಕ್ಕದ ಕುರ್ಚಿಯಲ್ಲೇ ಕೂತು ಮುಂದಿನ ಪಂದ್ಯದ ಎದುರಾಳಿಗಳ ವಿಡಿಯೋ ನೋಡುತ್ತಾರೆ. ಅವರ ಕಿವಿಗೆ ಬೀಳಬಾರದ ಮಾತು ಇದು, ಅದಕ್ಕೇ ಕಾಗದ.

ಸೋಮವಾರದ ಪತ್ರಿಕೆಯಲ್ಲಿ ಕಾಲೇಜಿನ ಕ್ರೀಡಾ ನಿರ್ದೇಶಕ ಫಿಂಚರ್, ಡಿಫೆನ್ಸ್ ಕೋಚ್ ಹಾರ್ಲನ್ ಸ್ಟಕೀ ಅವರ ಮೇಲೆ, ಅಂದರೆ ನಿಮ್ಮಪ್ಪನ ಮೇಲೆ, ತಮಗೆ ಸಂಪೂರ್ಣ ವಿಶ್ವಾಸವಿದೆ ಎಂದು ಹೇಳಿಕೆ ಕೊಟ್ಟಿದ್ದಾನೆ. ನಮ್ಮ ಮನೆಯಲ್ಲಿ ಆ ಎರಡು ಪದಗಳಿಗೆ ಏನರ್ಥವೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಕ್ಯಾನ್ಸಸ್‌ನಲ್ಲಿ ಮೊದಲ ಸಲ ಅದನ್ನು ಕೇಳಿದಾಗ ನಾನು ಮುಠ್ಠಾಳಿ, ಸಂತೋಷದಿಂದ ಕೇಕ್ ಮಾಡಿದ್ದೆ. ಕೇಕ್ ಮುಗಿಯುವುದರೊಳಗೆ ಕೆಲಸ ಹೋಗಿತ್ತು. ಮಿಸ್ಸಿಸ್ಸಿಪ್ಪಿಯಲ್ಲಿ ಎರಡನೆಯ ಸಲ ಕೇಳಿದಾಗ ನೇರವಾಗಿ ಅಂಗಡಿಗೆ ಹೋಗಿ ಖಾಲಿ ರಟ್ಟಿನ ಪೆಟ್ಟಿಗೆ ತಂದೆ. ವಿಶ್ವಾಸವಿರುವವರು ಅದನ್ನು ಪತ್ರಿಕೆಯವರನ್ನು ಕರೆದು ಹೇಳುವುದಿಲ್ಲವಲ್ಲ.

ನಿಮ್ಮಪ್ಪ ಹತ್ತಿದ ಮೆಟ್ಟಿಲೆಲ್ಲ ನಿನಗೆ ಗೊತ್ತೇ ಇದೆ. ಟೆಕ್ಸಸ್‌ನ ಧೂಳು ತುಂಬಿದ ಊರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಾರು ಓಡಿಸಲು ಕಲಿಸುತ್ತಾ, ಸಂಜೆ ಫುಟ್‌ಬಾಲ್ ಕಲಿಸುತ್ತಾ, ಪಂದ್ಯದ ದಿನ ಬಸ್ಸನ್ನೂ ತಾವೇ ಓಡಿಸುತ್ತಾ ಶುರುಮಾಡಿದವರು. ಆಮೇಲೆ ಪುಟ್ಟ ಕಾಲೇಜು. ಅಲ್ಲಿ ಹುಡುಗರ ಬಟ್ಟೆ ಒಗೆಯುವ ಕೆಲಸವೂ ಕೋಚನದೇ. ಹಿಂದಿನ ಸಾಲಿನ ಹುಡುಗರ ಕೋಚಾಗಿ, ಕೊನೆಗೆ ಇಡೀ ಡಿಫೆನ್ಸಿನ ಯಜಮಾನರಾಗುವ ಹೊತ್ತಿಗೆ ತಲೆ ನರೆತಿತ್ತು. ಊರೂರಿಗೆ ಮನೆ ಬದಲಿಸಿ ಬದಲಿಸಿ, ನಾನು ಮನೆ ಮಾರುವುದನ್ನೇ ಕಸುಬು ಮಾಡಿಕೊಂಡೆ. ಎದುರಿನವರನ್ನು ತಡೆದರೆ ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಒಂದು ಸಲ ಬಿಟ್ಟರೆ ಮಾಂಸದಂಗಡಿಯವನೂ ಕೀಮಾ ಕಟ್ಟುತ್ತಾ, "ಏನ್ರೀ ವರ್ನಾ, ನಿಮ್ಮೆಜಮಾನ್ರು ಶನಿವಾರ ಬಾಗ್ಲು ಹಾಕೋದೇ ಮರ್ತ್‌ಬಿಟ್ರಾ?" ಅನ್ನುತ್ತಾನೆ. ನೀನೂ ಹೋಗಿ ಹೋಗಿ ಅಪ್ಪನ ಕಸುಬನ್ನೇ ಹಿಡಿದೆ.

ಮಂಗಳವಾರ ಡಾರ್ಲೀನ್ ಬಂದಿದ್ದಳು, ಹೆಡ್ ಕೋಚ್ ರಾಯ್ಸ್‌ನ ಹೆಂಡತಿ. ಆ ರಾಯ್ಸ್ ನಿಮ್ಮಪ್ಪನ ಕೈಯಲ್ಲಿ ಆಟ ಕಲಿತು, ನನ್ನ ಅಡುಗೆಮನೆಯಲ್ಲಿ ಉಂಡು ದೊಡ್ಡವನಾದವನು. ಡಾರ್ಲೀನ್ ಕೋಳಿ ಮತ್ತು ಅಕ್ಕಿ ಹಾಕಿ ಬೇಯಿಸಿದ್ದನ್ನು ತಂದುಕೊಟ್ಟು, ಬಾಗಿಲಲ್ಲೇ ನಿಂತು, ಚಳಿಯ ಬಗ್ಗೆ ಎರಡು ಮಾತಾಡಿ ಹೋದಳು. ಗಾಜಿನ ಪಾತ್ರೆಯಲ್ಲಿ ತಂದಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ತಂದದ್ದು ತಿಂದು ಎಸೆಯುವ ತಗಡಿನ ತಟ್ಟೆಯಲ್ಲಿ. ಗಾಜಿನದಾದರೆ ತೊಳೆದು ವಾಪಸು ಕೊಡಲು ನಾನು ಅವಳ ಮನೆಗೆ ಹೋಗಬೇಕಾಗುತ್ತಿತ್ತು, ಅವಳು ನನ್ನ ಮುಖ ನೋಡಬೇಕಾಗುತ್ತಿತ್ತು. ಇಲ್ಲಿನ ಹೆಂಗಸರು ಸಾವಿನ ಮನೆಗೂ ಗಾಜಿನ ಪಾತ್ರೆಯಲ್ಲೇ ಒಯ್ಯುತ್ತಾರೆ.

ನಿನ್ನೆ ನನ್ನ ಆಫೀಸಿನಲ್ಲಿ, ನನ್ನ ಜೊತೆ ಮನೆ ಮಾರುವ ಲರ್ಲೀನ್ ತಾನು ಹಿಡಿದ ಹೊಸ ಗಿರಾಕಿಯ ಬಗ್ಗೆ ಹೇಳುತ್ತಿದ್ದಳು. ಯಾರಿಗೂ ಹೇಳಬೇಡ ಎಂದು ಎಚ್ಚರಿಸಿ ರಾಯ್ಸ್‌ನ ಆಫೀಸಿನಿಂದ ಫೋನು ಬಂದಿತ್ತಂತೆ. ಈ ಹುಡುಗಿಗೆ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಡಿಸೆಂಬರಿಗೆ ಮನೆ ಬೇಕು, ಗಂಡ ಹೆಂಡತಿ, ಬರುವ ಮಗು. ಹಿತ್ತಿಲಲ್ಲಿ ಶೆಡ್ ಇರಲೇಬೇಕು, ಆ ಶೆಡ್ಡಿಗೆ ಮಡಕೆ ಸುಡುವ ಒಲೆ ಉರಿಯುವಷ್ಟು ಕರೆಂಟು ಬೇಕು. "ಕೋಚುಗಳ ಮನೇಲಿ ಮಡಕೆ ಯಾರಕ್ಕಾ ಸುಡ್ತಾರೆ?" ಎಂದು ಲರ್ಲೀನ್ ನಕ್ಕಳು. ನಾನೂ ನಕ್ಕೆ. ಕಾರಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ನಿಮ್ಮಪ್ಪನನ್ನು ತೆಗೆದುಹಾಕುವುದರಲ್ಲಿ ನನ್ನ ಆಫೀಸಿಗೂ ಕಮಿಷನ್ ಬರುತ್ತದೆ, ನೋಡು.

ಆಗ ನೀನು ಭಾನುವಾರ ಫೋನಿನಲ್ಲಿ ಕೇಳಿದ್ದು ನೆನಪಾಯಿತು. "ಅಮ್ಮಾ, ಅಪ್ಪಂಗೆ ಇನ್ನು ಸಾಕಾಗಿದೆಯಂತೆ, ಹೌದಾ?" ಅಂದೆಯಲ್ಲ, ಆ "ಅಂತೆ" ಎಲ್ಲಿಂದ ಬಂತು ಎಂದು ನಾನು ಅವತ್ತೇ ಕೇಳಬೇಕಿತ್ತು. ಹಾರ್ಲನ್‌ಗೆ ದಣಿವಾಗಿದೆ, ತಾವಾಗಿಯೇ ಬಿಡುತ್ತಾರೆ, ಕುರ್ಚಿ ಮನೆಯವರಿಗೇ ಹೋದರೆ ಅವರಿಗೂ ನೆಮ್ಮದಿ ಎಂದು ರಾಯ್ಸ್ ನಿನಗೆ ಬೆಣ್ಣೆ ಹಚ್ಚಿರಬೇಕು. ಗ್ರೇಡಿ, ನಿಮ್ಮಪ್ಪ ದಣಿದಿಲ್ಲ. ಮುಂದಿನ ವರ್ಷದ ಹುಡುಗರನ್ನು ಹುಡುಕಲು ಈಗಲೇ ಊರೂರು ತಿರುಗುತ್ತಿದ್ದಾರೆ. ಪತ್ರಿಕೆಯ ಹೇಳಿಕೆ ಓದಿ ನನ್ನ ಮುಖ ನೋಡಿ, "ಈ ಸಲ ಹಾಗಲ್ಲ ಕಣೇ, ರಾಯ್ಸ್ ನಮ್ಮ ಹುಡುಗ" ಅಂದರು.

ಕುರ್ಚಿ ಬೇಡ ಅನ್ನು ಎಂದು ನಾನು ಹೇಳುವುದಿಲ್ಲ. ನೀನು ಒಲ್ಲೆನೆಂದರೆ ಇನ್ನೊಬ್ಬ ಬರುತ್ತಾನೆ. ಕಾಲೇಜಿನವರು ಕೂರಿಸಲು ಜನ ಹುಡುಕುತ್ತಿದ್ದಾರೆಂದ ಮೇಲೆ ಎಬ್ಬಿಸುವುದು ಆಗಲೇ ತೀರ್ಮಾನವಾಗಿದೆ. ನಿಮ್ಮಪ್ಪನಿಗೆ ತಲೆ ನರೆತ ಮೇಲೆ ಸಿಕ್ಕಿದ್ದು ನಿನಗೆ ಈ ವಯಸ್ಸಿಗೇ ಸಿಗುತ್ತಿದೆ, ತಾಯಿಯಾಗಿ ಅದೂ ನನಗೆ ಕಾಣುತ್ತದೆ. ಆದರೆ ಕಲಿಸಿದವರನ್ನು ಹೀಗೆ ಎಬ್ಬಿಸುವವನು ನಿನ್ನನ್ನು ಹೇಗೆ ಎಬ್ಬಿಸಿಯಾನು ಎಂದು ಒಂದು ಗಳಿಗೆ ಕೂತು ಯೋಚಿಸು. ಕೊರಿನ್‌ಳ ತಲೆ ಸವರಿದ್ದೇನೆಂದು ಹೇಳು. ಒಳಗಿರುವ ಪುಟ್ಟದಕ್ಕೆ ಅಜ್ಜಿಯ ಮುತ್ತು. ದೇವರು ನಿಮ್ಮ ಮೂವರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ವರ್ನಾ ಸ್ಟಕೀ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಊಟಕ್ಕೆ ಬಂದರು. ನನ್ನಿಂದ ಒಂದು ಮಾತು ಮುಚ್ಚಿಟ್ಟಿದ್ದರಂತೆ. "ದೇಶದಲ್ಲೇ ಚೆನ್ನಾಗಿ ಡಿಫೆನ್ಸ್ ಕಲ್ಸೋ ಹುಡುಗ ಯಾರು ಅಂತ ರಾಯ್ಸ್ ನನ್ನೇ ಕೇಳ್ದ ಕಣೇ. ನಮ್ಮ ಗ್ರೇಡಿ ಅಂದೆ. ನನ್ನ ಕೈಕೆಳಗೆ ತಗೋತಾನೆ ಅನ್ಸತ್ತೆ" ಅಂದರು. ಕಾಲೇಜಿಗೆ ಇಷ್ಟೇ ಕೋಚುಗಳೆಂದು ನಿಯಮವಿದೆ, ಒಂದು ಜಾಗವೂ ಖಾಲಿಯಿಲ್ಲ. ಆ ಲೆಕ್ಕ ಅವರಿಗೆ ಹೊಳೆದಿಲ್ಲ. ತಮ್ಮ ಮೇಜನ್ನು ಗೋಡೆಗೆ ಒತ್ತರಿಸಿ ನಿನ್ನ ಮೇಜಿಗೆ ಜಾಗ ಮಾಡಿದ್ದಾರೆ. ವಿಮಾನ ನಿಲ್ದಾಣಕ್ಕೆ ತಾವೇ ಬರುತ್ತಾರಂತೆ, ಕೊರಿನ್ ಒರಗಿಕೊಳ್ಳಲೆಂದು ಕಾರಿನಲ್ಲಿ ದಿಂಬು ಇಟ್ಟಿದ್ದಾರೆ. ನಾನು ತಟ್ಟೆಗೆ ಇನ್ನಷ್ಟು ಹುರುಳಿಕಾಯಿ ಬಡಿಸಿದೆ. ಹೂಂ ಅನ್ನು, ಊಹೂಂ ಅನ್ನು, ಆದರೆ ರಾಯ್ಸ್‌ಗೆ ಹೇಳುವ ಮೊದಲು ನಿಮ್ಮಪ್ಪನಿಗೆ ಹೇಳು.