ಬ್ಯಾರಿಕೇಡ್‌ವರೆಗೆ ಸಾಕು

ರೀ,

ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀರಿ, ಎಬ್ಬಿಸಲು ಮನಸ್ಸಾಗಲಿಲ್ಲ. ಅಲಾರಂ ಇಟ್ಟಿದ್ದೇನೆ. ಇವತ್ತು ನನಗೆ ಬೆಳಗಿನ ಪಾಳಿ, ಗುಬ್ಬಿಯನ್ನು ಶಾಲೆಗೆ ನೀವೇ ಬಿಡಬೇಕು.

ಜಡೆ ನಿಮ್ಮ ಕೈಲಾಗುವ ಕೆಲಸವಲ್ಲ, ಕ್ಲಿಪ್ ಹಾಕಿದರೆ ಸಾಕು. ನೀರಿನ ಬಾಟಲಿ ಮರೆಯಬೇಡಿ.

ಕಾರನ್ನು ಔಷಧಿ ಅಂಗಡಿ ಪಕ್ಕ ನಿಲ್ಲಿಸಿ ನಡೆದುಕೊಂಡು ಹೋಗಿ. ಶಾಲೆ ಶುರುವಾಗುವಾಗ, ಬಿಡುವಾಗ ಶಾಲೆ ಬೀದಿಗೆ ಈ ವಾರದಿಂದ ಬ್ಯಾರಿಕೇಡ್ ಅಡ್ಡ ಇಡುತ್ತಾರೆ, ಕಾರು ಬಿಡುವುದಿಲ್ಲ. "ಒಂದೇ ನಿಮಿಷ ಕಣಪ್ಪಾ" ಎಂದು ವಾಚ್‌ಮನ್ ಜೊತೆ ವಾದಕ್ಕೆ ನಿಲ್ಲಬೇಡಿ. ಆ ಬ್ಯಾರಿಕೇಡ್ ಹಾಕಿಸಲು ಮನೆಮನೆ ಅಲೆದು ಸಹಿ ಹಾಕಿಸಿದವಳು ನಿಮ್ಮ ಹೆಂಡತಿಯೇ, ನನ್ನ ಮರ್ಯಾದೆ ಉಳಿಸಿ.

ಇನ್ನೊಂದು ವಿಷಯ. ನಿನ್ನೆ ಗುಬ್ಬಿ ಬ್ಯಾರಿಕೇಡ್ ಹತ್ತಿರ ನಿಂತುಬಿಟ್ಟಳು. "ಅಮ್ಮಾ, ಈಗ ಕಾರೇ ಬರಲ್ವಲ್ಲ, ಕೈ ಬಿಡು. ನಾನೊಬ್ಳೇ ಹೋಗ್ತೀನಿ."

"ಗೇಟ್‌ವರೆಗಾದ್ರೂ ಬರ್ತೀನಿ ಕಣೇ" ಅಂದೆ.

"ಇನ್ಮೇಲೆ ಮಕ್ಕಳು ಆರಾಮಾಗಿ ಓಡಾಡ್ಬಹುದು ಅಂತ ನೀನೇ ತಾನೇ ಎಲ್ಲರಿಗೂ ಹೇಳಿದ್ದು?"

ಕೈ ಬಿಟ್ಟೆ. ಗೆಳತಿಯರ ಜೊತೆ ಓಡಿಯೇ ಹೋದಳು.

ಬೀದಿ ಸರಿಹೋಗಿದ್ದಕ್ಕೆ ಬೇಜಾರಿಲ್ಲ. ಮೊದಲು ಕಾರುಗಳ ನಡುವೆ ನನ್ನ ಬೆರಳು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ನಾನೋ, "ಬೇಗ ನಡಿ, ಬೇಗ ನಡಿ" ಎಂದು ಗದರಿ ಎಳೆದುಕೊಂಡು ಹೋಗುತ್ತಿದ್ದೆ. ಆಗಲೇ ಸ್ವಲ್ಪ ನಿಧಾನವಾಗಿ ನಡೆಯಬೇಕಿತ್ತು.

ನೀವು ಅಪರೂಪಕ್ಕೆ ಹೋಗುತ್ತಿದ್ದೀರಿ. ಕೈ ಬಿಡು ಎಂದು ಅವಳೇ ಕೇಳಿದರೆ ಬಿಟ್ಟುಬಿಡಿ. ಕೇಳುವ ಮೊದಲೇ ಮಾತ್ರ ಬಿಡಬೇಡಿ.